ರಾಷ್ಟ್ರೀಯ ಹಬ್ಬಗಳು: ಪುಟ್ಟ ಮಕ್ಕಳಿಗೆ ಮನೆಯೇ ಪಾಠಶಾಲೆ

ಆಗಸ್ಟ್ 15 ಬಂತೆಂದರೆ ಕಥೋಲಿಕ ಮನೆಗಳಲ್ಲಿ ಎರಡು ಹಬ್ಬಗಳು ಒಟ್ಟಿಗೆ ಬರುತ್ತವೆ. ಒಂದು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವ, ಇನ್ನೊಂದು ದೇಶದ ಸ್ವಾತಂತ್ರ್ಯ ದಿನ. ನವೆಂಬರ್ 1 ಕೂಡ ಹಾಗೆಯೇ. ಅಂದು ಸಕಲ ಸಂತರ ಹಬ್ಬ, ಕನ್ನಡ ರಾಜ್ಯೋತ್ಸವವೂ ಅಂದೇ. ದೊಡ್ಡವರಾದ ನಮಗೆ ಇದರಲ್ಲಿ ಗೊಂದಲವಿಲ್ಲ. ಆದರೆ ಐದು ವರ್ಷದ ಮಗು ಹೊಸ ಅಂಗಿ ತೊಟ್ಟು ನಿಂತು, "ಯವ್ವಾ, ಇವತ್ತು ಮರಿಯವ್ವನ ಹಬ್ಬೋ, ಝಂಡಾ ಹಬ್ಬೋ?" ಎಂದು ಕೇಳಿದರೆ ನಾವು ಏನು ಹೇಳುತ್ತೇವೆ? "ಎರಡೂ ಹೌದು, ಬೇಗ ನಡಿ, ಪೂಜೆಗೆ ತಡ ಆಗ್ತದ" ಎಂದು ಕೈಹಿಡಿದು ಎಳೆದುಕೊಂಡು ಹೋಗುವವರೇ ಹೆಚ್ಚು.

ಮಗುವಿನ ಆ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಕಥೋಲಿಕ ಕುಟುಂಬಗಳ ಸಂಖ್ಯೆ ಬೆರಳೆಣಿಕೆಯಷ್ಟು. ಓಣಿಯಲ್ಲಿ ಆಡುವ ಹತ್ತು ಮಕ್ಕಳಲ್ಲಿ ನಮ್ಮ ಮಗು ಒಂದೇ ಇರಬಹುದು. "ನೀವು ಬೇರೆ, ನಿಮ್ಮ ದೇವರು ಬೇರೆ, ನಿಮ್ಮ ಊರು ಯಾವುದು?" ಎಂಬ ಮಾತು ಆಟದ ನಡುವೆ ಎಂದಾದರೂ ಮಗುವಿನ ಕಿವಿಗೆ ಬೀಳಬಹುದು. ಅಂದು ಅದು ಅಳುತ್ತಾ ಮನೆಗೆ ಬರಬಾರದು, ಜಗಳಕ್ಕೂ ನಿಲ್ಲಬಾರದು. "ನಮ್ಮ ಊರು ಇದೇ" ಎಂದು ನಗುತ್ತಾ ಹೇಳುವ ಧೈರ್ಯ ಅದಕ್ಕೆ ಬೇಕು. ಆ ಧೈರ್ಯ ಭಾಷಣ ಕೇಳಿ ಬರುವುದಿಲ್ಲ. ಮನೆಯಲ್ಲಿ ತಂದೆತಾಯಿಯರ ಜೊತೆ ನೋಡಿದ್ದು, ಮುಟ್ಟಿದ್ದು, ಮಾಡಿದ್ದು ಇವುಗಳಿಂದಲೇ ಬರುತ್ತದೆ.

ಮೊದಲ ಗುರು ನೀವೇ

ಮಕ್ಕಳ ಮೊದಲ ಹಾಗೂ ಪ್ರಮುಖ ಶಿಕ್ಷಕರು ತಂದೆತಾಯಿಯರೇ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಸ್ಪಷ್ಟವಾಗಿ ತಿಳಿಸಿದೆ. ತಾಯ್ನಾಡಿನ ಪ್ರೀತಿ ಮತ್ತು ಸೇವೆ ಕೃತಜ್ಞತೆಯಿಂದ ಹುಟ್ಟುವ ಕರ್ತವ್ಯ ಎಂಬುದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ ಬೋಧನೆ. ಪ್ರಭು ಯೇಸು ಕೂಡ ನಜರೇತಿನ ಮನೆಯಲ್ಲಿ ತಾಯಿಯ ಮಾತನ್ನೂ ತನ್ನ ಜನರ ಹಬ್ಬಗಳನ್ನೂ ಕಲಿತರು. ಮುಂದೆ ಜೆರುಸಲೇಮ್ ನಗರವನ್ನು ನೋಡಿ ಅವರು ಕಣ್ಣೀರಿಟ್ಟರೆಂದು ಸಂತ ಲೂಕನ ಶುಭಸಂದೇಶ ಹೇಳುತ್ತದೆ. ತನ್ನ ಊರನ್ನು ಪ್ರೀತಿಸುವವನು ಊರಿನ ತಪ್ಪಿಗೂ ಮರುಗುತ್ತಾನೆ ಎಂಬ ಪಾಠ ಅಲ್ಲಿದೆ.

ಈ ಲೇಖನ ಮೂರರಿಂದ ಎಂಟು ವರ್ಷದ ಮಕ್ಕಳಿರುವ ಮನೆಗಳಿಗಾಗಿ. ಇನ್ನೂ ಶಾಲೆಗೆ ಸೇರದ ಮಗು ಇರಲಿ, ಮನೆಯಲ್ಲೇ ಅಕ್ಷರ ಕಲಿಯುವ ಮಗು ಇರಲಿ, ಶಾಲೆಗೆ ಹೋಗಿ ರಜೆಗೆ ಮನೆಯಲ್ಲಿರುವ ಮಗು ಇರಲಿ, ಈ ಪಾಠಗಳು ಎಲ್ಲರಿಗೂ ಹೊಂದುತ್ತವೆ. ಹಣ ಖರ್ಚಿಲ್ಲ. ಬೇಕಾದ ಸಾಮಾನು ಅಡುಗೆಮನೆಯಲ್ಲಿದೆ, ಊರಿನಲ್ಲಿದೆ. ಉದಾಹರಣೆಗಳನ್ನು ಬಾಗಲಕೋಟೆ ಜಿಲ್ಲೆಯ ಐಹೊಳೆ ಮತ್ತು ಅದರ ಸುತ್ತಲಿನ ನೆಲದಿಂದಲೇ ಆರಿಸಿದ್ದೇವೆ. ಬೇರೆ ಜಿಲ್ಲೆಯವರು ತಮ್ಮ ಊರಿನ ಹೆಸರುಗಳನ್ನು ಸೇರಿಸಿಕೊಳ್ಳಬಹುದು.

ಒಂದು ನಿಯಮ ನೆನಪಿಡಿ. ಪುಟ್ಟ ಮಗುವಿನ ಗಮನ ಹದಿನೈದು ನಿಮಿಷಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವುದಿಲ್ಲ. ಒಂದು ದಿನಕ್ಕೆ ಒಂದೇ ಚಟುವಟಿಕೆ ಸಾಕು. ಮಗುವಿಗೆ ಬೇಸರವಾದರೆ ಅಲ್ಲಿಗೇ ನಿಲ್ಲಿಸಿ, ನಾಳೆ ಮುಂದುವರಿಸಿ.

ಪಾಠ 1: ಧ್ವಜದ ನೂಲು (ಆಗಸ್ಟ್ 15)

ನಮ್ಮ ತ್ರಿವರ್ಣ ಧ್ವಜವನ್ನು ಸಂವಿಧಾನ ರಚನಾ ಸಭೆ 1947ರ ಜುಲೈ 22ರಂದು ಅಂಗೀಕರಿಸಿತು. ಆದ್ದರಿಂದ ಜುಲೈ 22ರಿಂದಲೇ ಈ ಪಾಠ ಆರಂಭಿಸಬಹುದು. ಹಬ್ಬಕ್ಕೆ ಮೂರು ವಾರ ಸಿಗುತ್ತದೆ.

ಮೊದಲ ದಿನ ಮಗುವಿನ ಕೈಗೆ ಸ್ವಲ್ಪ ಹತ್ತಿ ಕೊಡಿ. ಬೀಜ ಬಿಡಿಸಲಿ, ಬೆರಳಲ್ಲಿ ಹೊಸೆದು ನೂಲು ಮಾಡಲಿ. ಆಮೇಲೆ ಹಳೆಯ ಬಟ್ಟೆಯ ತುಂಡೊಂದನ್ನು ಕೊಟ್ಟು ಅಂಚಿನಿಂದ ಎಳೆ ಬಿಡಿಸಲು ಹೇಳಿ. ಬಟ್ಟೆ ಎಂದರೆ ನೂರಾರು ಎಳೆಗಳು ಕೂಡಿದ್ದು ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಆಗ ಈ ಸಂಗತಿ ತಿಳಿಸಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಅಲ್ಲಿಯ ಖಾದಿ ರಾಷ್ಟ್ರಧ್ವಜಕ್ಕೆ 2006ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರ ದೊರೆಯಿತು. ಆ ಧ್ವಜಗಳ ಬಟ್ಟೆ ನೇಯುವ ಊರುಗಳಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯೂ ಒಂದು. ಧಾರವಾಡದ ಹತ್ತಿರದ ಗರಗ ಗ್ರಾಮವೂ ಧ್ವಜದ ಖಾದಿಗೆ ಹೆಸರಾದದ್ದು. ದೂರದ ಪಟ್ಟಣಗಳ ಕಟ್ಟಡದ ಮೇಲೆ ಹಾರುವ ಧ್ವಜದ ನೂಲನ್ನು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ನೂತಿರುತ್ತಾರೆ ಎಂದು ಕೇಳಿದಾಗ ಮಗುವಿನ ಕಣ್ಣು ಅರಳುವುದನ್ನು ನೋಡಿ.

ಎರಡನೆಯ ದಿನ ಧ್ವಜದ ಅಳತೆ. ಧ್ವಜದ ಉದ್ದ ಮತ್ತು ಎತ್ತರದ ಪ್ರಮಾಣ 3:2. ಬಿಳಿ ಹಾಳೆಯಲ್ಲಿ 18 ಸೆಂಟಿಮೀಟರು ಉದ್ದ, 12 ಸೆಂಟಿಮೀಟರು ಎತ್ತರದ ಚೌಕಟ್ಟು ಗೆರೆ ಹಾಕಿಕೊಡಿ. ಅದನ್ನು ತಲಾ 4 ಸೆಂಟಿಮೀಟರಿನ ಮೂರು ಪಟ್ಟಿಗಳಾಗಿ ಮಾಡಿ. ಮೇಲೆ ಕೇಸರಿ, ಕೆಳಗೆ ಹಸಿರು, ನಡುವೆ ಬಿಳಿ. ಮೂರು ವರ್ಷದ ಮಗು ಬಣ್ಣ ತುಂಬಲಿ. ಏಳೆಂಟು ವರ್ಷದ ಮಗು ಸ್ಕೇಲ್ ಹಿಡಿದು ತಾನೇ ಅಳೆಯಲಿ.

ಮೂರನೆಯ ದಿನ ಚಕ್ರ. ಅಶೋಕ ಚಕ್ರಕ್ಕೆ 24 ಅರಗಳು. ಅವನ್ನು ಸಮನಾಗಿ ಎಳೆಯುವುದು ದೊಡ್ಡವರಿಗೂ ಕಷ್ಟ. ಸುಲಭ ಉಪಾಯ ಹೀಗಿದೆ: ಲೋಟವನ್ನು ಬೋರಲಾಗಿ ಇಟ್ಟು ತೆಳ್ಳನೆಯ ಕಾಗದದ ಮೇಲೆ ವೃತ್ತ ಎಳೆದು ಕತ್ತರಿಸಿ. ಅದನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ, ಇನ್ನೊಮ್ಮೆ ಅರ್ಧಕ್ಕೆ. ಈಗ ಎಂಟು ಭಾಗಗಳಾದವು. ಹೀಗೆ ಮಡಚಿದ ತುಂಡನ್ನು ಸಮನಾದ ಮೂರು ಮಡಿಕೆ ಮಾಡಿ. ಬಿಡಿಸಿ ನೋಡಿದರೆ ಎಂಟು ಮೂರಲೆ 24 ಭಾಗಗಳು. ಮಡಿಕೆಯ ಗೆರೆಗಳ ಮೇಲೆ ನೀಲಿ ಪೆನ್ಸಿಲ್ ಎಳೆದರೆ ಚಕ್ರ ಸಿದ್ಧ. ದಿನಕ್ಕೆ 24 ಗಂಟೆ ಎಂಬುದನ್ನೂ ಇದೇ ಹೊತ್ತಿನಲ್ಲಿ ಹೇಳಿಕೊಡಬಹುದು.

ತೀರ ಚಿಕ್ಕ ಮಕ್ಕಳಿಗೆ ಇನ್ನೊಂದು ಆಟ. ದೊಡ್ಡ ಪರಾತದಲ್ಲಿ ತೊಗರಿಬೇಳೆ, ಅಕ್ಕಿ, ಹೆಸರುಕಾಳುಗಳನ್ನು ಮೂರು ಸಾಲಾಗಿ ಜೋಡಿಸಲಿ. ಕಾಳು ಆರಿಸುವುದರಿಂದ ಬೆರಳುಗಳಿಗೂ ಅಭ್ಯಾಸವಾಗುತ್ತದೆ. ಆಟ ಮುಗಿದ ಮೇಲೆ ಅವೇ ಕಾಳುಗಳನ್ನು ತೊಳೆದು ಅಂದಿನ ಕಿಚಡಿಗೆ ಹಾಕಿ. ಒಂದು ಕಾಳೂ ಪೋಲಾಗಬಾರದು ಎಂಬುದೂ ದೇಶಭಕ್ತಿಯ ಪಾಠವೇ.

ಇನ್ನು ಮಗುವಿನ ಪ್ರಶ್ನೆಗೆ ಉತ್ತರ. ಆಗಸ್ಟ್ 14ರ ರಾತ್ರಿ ಕುಟುಂಬ ಪ್ರಾರ್ಥನೆಯ ಹೊತ್ತಿನಲ್ಲಿ ಹೀಗೆ ಹೇಳಿ: "ನಾಳೆ ನಮ್ಮ ಸ್ವರ್ಗದ ತಾಯಿಯ ಹಬ್ಬ, ನಾವು ಹುಟ್ಟಿದ ನಾಡತಾಯಿಯ ಹಬ್ಬವೂ ಹೌದು. ಮುಂಜಾನೆ ಬಲಿಪೂಜೆಗೆ ಹೋಗಿ ದೇಶಕ್ಕಾಗಿ ಬೇಡಿಕೊಳ್ಳೋಣ. ಆಮೇಲೆ ಧ್ವಜಕ್ಕೆ ವಂದನೆ ಮಾಡೋಣ." ಮಗು ಹೇಳಬಹುದಾದ ಒಂದು ಸಾಲಿನ ಪ್ರಾರ್ಥನೆಯನ್ನು ನೀವೇ ಕಟ್ಟಿಕೊಡಿ. ನಮ್ಮ ಊರಿನ ಎಲ್ಲರಿಗೂ ಅನ್ನ ಸಿಗಲಿ, ಯಾರೂ ಜಗಳವಾಡದಿರಲಿ ಎಂದರೂ ಸಾಕು.

ಪಾಠ 2: ಹದಿನಾರನೆಯ ತಾರೀಖಿನ ಕೆಲಸ

ಹದಿನೈದರಂದು ಎದೆಯ ಮೇಲಿದ್ದ ಕಾಗದದ ಧ್ವಜ ಹದಿನಾರರಂದು ಗಟಾರದಲ್ಲಿ ಬಿದ್ದಿರುತ್ತದೆ. ಮಕ್ಕಳು ಇದನ್ನೂ ನೋಡುತ್ತಾರೆ, ಇದರಿಂದಲೂ ಕಲಿಯುತ್ತಾರೆ. ಹಬ್ಬದ ದಿನ ಜನರು ಕಾಗದದ ಧ್ವಜ ಹಿಡಿಯಲು ಭಾರತದ ಧ್ವಜ ಸಂಹಿತೆಯಲ್ಲಿ ಅವಕಾಶವಿದೆ. ಆದರೆ ಹಬ್ಬ ಮುಗಿದ ಮೇಲೆ ಅವನ್ನು ನೆಲಕ್ಕೆ ಎಸೆಯದೆ, ಖಾಸಗಿಯಾಗಿ ಗೌರವದಿಂದ ವಿಲೇವಾರಿ ಮಾಡಬೇಕು ಎಂದೂ ಅದೇ ಸಂಹಿತೆ ಹೇಳುತ್ತದೆ. ಪ್ಲಾಸ್ಟಿಕ್ ಧ್ವಜ ಕೊಳ್ಳಬೇಡಿ, ಅದು ಕರಗುವುದಿಲ್ಲ.

ಆಗಸ್ಟ್ 16ರ ಬೆಳಿಗ್ಗೆ ಮಗುವಿನ ಕೈಗೊಂದು ಬಟ್ಟೆಯ ಚೀಲ ಕೊಟ್ಟು ಓಣಿಯಲ್ಲಿ ಒಂದು ಸುತ್ತು ಕರೆದುಕೊಂಡು ಹೋಗಿ. ಬಿದ್ದ ಧ್ವಜಗಳನ್ನು ಆರಿಸಿ ತರಲಿ. ಗಟಾರದಲ್ಲಿ ಬಿದ್ದವನ್ನು ದೊಡ್ಡವರೇ ತೆಗೆಯಿರಿ. ಮನೆಗೆ ಬಂದು ಕೈ ತೊಳೆದು, ಎಷ್ಟು ಸಿಕ್ಕವೆಂದು ಎಣಿಸಿ. ಮಡಚಿ ಒಂದೆಡೆ ಇಟ್ಟು, ಬಳಿಕ ಹಿತ್ತಲಲ್ಲಿ ಗೌರವದಿಂದ ಮಣ್ಣು ಮಾಡಿ. ಮುಂದಿನ ವರ್ಷ ಓಣಿಯ ಇತರ ಮಕ್ಕಳನ್ನೂ ಕರೆಯಿರಿ. ಯಾವ ಜಾತಿ, ಯಾವ ಧರ್ಮದ ಮಗುವಾದರೂ ಬರಲಿ. ಒಟ್ಟಿಗೆ ಬಾಗಿ ಧ್ವಜ ಎತ್ತಿದ ಮಕ್ಕಳ ನಡುವೆ "ನೀವು ಬೇರೆ" ಎಂಬ ಮಾತಿಗೆ ಜಾಗ ಕಡಿಮೆಯಾಗುತ್ತದೆ.

ಮನೆಯ ಮೇಲೆ ಬಟ್ಟೆಯ ಧ್ವಜ ಹಾರಿಸುವವರು ಇಷ್ಟು ತಿಳಿದಿರಬೇಕು. 2002ರ ಜನವರಿ 26ರಿಂದ ಜಾರಿಯಲ್ಲಿರುವ ಧ್ವಜ ಸಂಹಿತೆಯಂತೆ ನಾಗರಿಕರು ಎಲ್ಲ ದಿನಗಳಲ್ಲಿಯೂ ಗೌರವದಿಂದ ಧ್ವಜ ಹಾರಿಸಬಹುದು. 2022ರ ಜುಲೈ ತಿದ್ದುಪಡಿಯ ಬಳಿಕ ಮನೆಯ ಮೇಲೆ ಹಗಲೂ ರಾತ್ರಿಯೂ ಹಾರಿಸಲು ಅವಕಾಶವಿದೆ. ಕೇಸರಿ ಮೇಲಿರಬೇಕು, ಹರಿದ ಧ್ವಜ ಹಾರಿಸಬಾರದು, ಧ್ವಜದ ಮೇಲೆ ಏನನ್ನೂ ಬರೆಯಬಾರದು.

ಪಾಠ 3: ಕಥೆ ಹೇಳುವ ಸಂಜೆ

ರಾತ್ರಿ ಊಟದ ನಂತರ ಹತ್ತು ನಿಮಿಷದ ಕಥೆ. ಕಥೆಗಳಿಗೆ ನಮ್ಮ ನೆಲದಲ್ಲಿ ಬರವಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ರಾಣಿ ಚೆನ್ನಮ್ಮನ ಪಡೆ ಕಂಪನಿಯ ಸೈನ್ಯವನ್ನು ಸೋಲಿಸಿತು. ಆಕೆಯ ನಂಬಿಗಸ್ತ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಜಯಂತಿಯನ್ನು ನಾಡು ಆಗಸ್ಟ್ 15ರಂದು ಆಚರಿಸುತ್ತದೆ. ನಮ್ಮ ಎರಡು ರಾಷ್ಟ್ರೀಯ ಹಬ್ಬಗಳ ದಿನವೇ ಅವನ ಹುಟ್ಟು ಸಾವುಗಳ ನೆನಪು ಬರುವುದನ್ನು ಮಕ್ಕಳು ಬೇಗ ಮರೆಯುವುದಿಲ್ಲ.

ಇನ್ನೂ ಹತ್ತಿರದ ಕಥೆ ಮುಧೋಳ ಸೀಮೆಯ ಹಲಗಲಿಯದು. 1857ರಲ್ಲಿ ಇಂಗ್ಲಿಷರು ಜನರ ಬಳಿಯಿದ್ದ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ತಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧ ಅವರ ಬದುಕಿನ ಆಧಾರವಾಗಿತ್ತು. ದಂಗೆ ಎದ್ದ ಊರಿಗೆ ಬೆಂಕಿ ಇಟ್ಟರು, ಹಲವರನ್ನು ಗಲ್ಲಿಗೇರಿಸಿದರು. ಅವರ ಕಥೆ ಲಾವಣಿಯಾಗಿ ಉಳಿಯಿತು.

ಕಥೆ ಹೇಳುವಾಗ ಎರಡು ಎಚ್ಚರಿಕೆ ಬೇಕು. ನೇಣು, ರಕ್ತ, ಬೆಂಕಿಯ ವರ್ಣನೆ ಐದು ವರ್ಷದ ಮಗುವಿಗೆ ಬೇಡ. "ಅವರು ಊರಿಗಾಗಿ ಪ್ರಾಣ ಕೊಟ್ಟರು" ಎಂದರೆ ಅದಕ್ಕೆ ತಿಳಿಯುತ್ತದೆ. ಇನ್ನೊಂದು, "ಇಂಗ್ಲಿಷರೆಲ್ಲ ಕೆಟ್ಟವರು" ಎಂದು ಕಲಿಸಬೇಡಿ. ಅನ್ಯಾಯದ ಆಳ್ವಿಕೆಯನ್ನು ಅನ್ಯಾಯ ಎಂದೇ ಹೇಳಿ, ಜನರನ್ನು ದ್ವೇಷಿಸಲು ಹೇಳಿಕೊಡಬೇಡಿ. ಆ ಇಂಗ್ಲಿಷರಲ್ಲೇ ಫ್ಲೀಟ್ ಎಂಬ ಅಧಿಕಾರಿ ಕನ್ನಡ ನಾಡಿನ ಶಾಸನಗಳನ್ನು ಓದಿ ಪ್ರಕಟಿಸಿದರು, ಐಹೊಳೆಯ ಶಾಸನವೂ ಅವುಗಳಲ್ಲಿ ಒಂದು. ಕನ್ನಡದ ಲಾವಣಿಗಳನ್ನೂ ಸಂಗ್ರಹಿಸಿದರು. ಇಂದು ಬೇರೊಂದು ದೇಶದವರನ್ನೋ ಬೇರೊಂದು ಧರ್ಮದವರನ್ನೋ ಬೈಯುವುದೇ ದೇಶಭಕ್ತಿ ಎಂದು ಮಗು ತಿಳಿಯುವ ಅಪಾಯವಿದೆ. ಅದನ್ನು ತಡೆಯುವ ಜಾಗ ನಮ್ಮ ಪಡಸಾಲೆಯೇ.

ಕ್ರೈಸ್ತರ ಕಥೆಯನ್ನೂ ಹೇಳಿ. ಉಡುಪಿಯ ಬಳಿಯ ಬೆಳ್ಳೆ ಊರಿನ ಜೋಕಿಂ ಆಳ್ವ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಸೇರಿದವರು. ಅವರ ಪತ್ನಿ ವಯೊಲೆಟ್ ಆಳ್ವ 1943ರಲ್ಲಿ ಬಂಧನವಾದಾಗ ಐದು ತಿಂಗಳ ಕೂಸನ್ನು ಎತ್ತಿಕೊಂಡೇ ಮುಂಬಯಿಯ ಆರ್ಥರ್ ರೋಡ್ ಜೈಲಿಗೆ ಹೋದರು. ಮುಂದೆ 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು. ಜೈಲಿಗೆ ಹೋದ ಕೂಸಿನ ಕಥೆಯನ್ನು ಮಕ್ಕಳು ಮತ್ತೆ ಮತ್ತೆ ಕೇಳುತ್ತಾರೆ.

ಪಾಠ 4: ಹಾಸು ಹೊಕ್ಕು (ಅಕ್ಟೋಬರ್ 2)

ಗಾಂಧೀಜಿಯವರ ಜನ್ಮದಿನ ಎಲ್ಲರಿಗೂ ಗೊತ್ತು. ಲಾಲ್ ಬಹಾದೂರ್ ಶಾಸ್ತ್ರಿಯವರೂ ಹುಟ್ಟಿದ್ದು ಅಕ್ಟೋಬರ್ 2ರಂದೇ. ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಒಂದೇ ಒಂದು ಬಾರಿ, ಅದು 1924ರಲ್ಲಿ ನಮ್ಮ ಬೆಳಗಾವಿಯಲ್ಲಿ. ಶಾಸ್ತ್ರಿಯವರು 1964ರಲ್ಲಿ ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಇಟ್ಟರು. ಆ ಜಲಾಶಯಕ್ಕೆ ಇಂದು ಅವರದೇ ಹೆಸರು.

ಅಂದಿನ ಚಟುವಟಿಕೆ ನೇಯ್ಗೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ. ಕೆಲವನ್ನು ಹಾಸಿನಂತೆ ನಿಲ್ಲಿಸಿ, ಉಳಿದವನ್ನು ಹೊಕ್ಕಿನಂತೆ ಒಂದರ ಮೇಲೆ, ಒಂದರ ಕೆಳಗೆ ಮಗು ಹಾಯಿಸಲಿ. ಚಿಕ್ಕ ಚಾಪೆಯಾಗುತ್ತದೆ. ಆಮೇಲೆ ಅಜ್ಜಿಯ ಇಳಕಲ್ ಸೀರೆ ತೆಗೆದು ಮಗುವಿನ ತೊಡೆಯ ಮೇಲೆ ಹಾಸಿ. ಈ ಸೀರೆಯ ಮೈಯ ಹಾಸೆಳೆಗಳಿಗೆ ಸೆರಗಿನ ಹಾಸೆಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಮೈಯೆಲ್ಲ ಒಂದು ಬಣ್ಣ, ಸೆರಗು ಕೆಂಪು, ನಡುವೆ ಸಾವಿರಾರು ಕೊಂಡಿಗಳು. ಅವು ಬಿಚ್ಚಿದರೆ ಸೆರಗೂ ಇಲ್ಲ, ಸೀರೆಯೂ ಇಲ್ಲ. ಬೇರೆ ಬೇರೆ ಜನ ಕೂಡಿ ಒಂದು ದೇಶ ಹೇಗಾಗುತ್ತದೆ ಎಂದು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ಇಳಕಲ್ಲು, ಗುಳೇದಗುಡ್ಡದ ಕಡೆ ಬಂಧುಗಳಿದ್ದರೆ ಕೈಮಗ್ಗ ತೋರಿಸಿ. ನೇಕಾರರ ಕೆಲಸಕ್ಕೆ ಅಡ್ಡಿಯಾಗದಂತೆ, ಮೊದಲು ಕೇಳಿಕೊಂಡು ಹೋಗಿ.

ಆಲಮಟ್ಟಿಯ ಬಗ್ಗೆ ಹೇಳುವಾಗ ಇನ್ನೊಂದು ಮಾತನ್ನೂ ಸೇರಿಸಿ. ಅಣೆಕಟ್ಟಿನಿಂದ ಒಣಭೂಮಿಗೆ ನೀರು ಬಂತು, ವಿದ್ಯುತ್ ಬಂತು. ಆದರೆ ಅದರ ಹಿನ್ನೀರಿಗಾಗಿ ಎಷ್ಟೋ ಹಳ್ಳಿಗಳ ಜನ ಹೊಲ ಮನೆ ಬಿಟ್ಟುಕೊಟ್ಟರು. ಹಳೆಯ ಬಾಗಲಕೋಟೆಯ ಹಲವು ಓಣಿಗಳು ಮುಳುಗಡೆಯಾಗಿ ನವನಗರ ಹುಟ್ಟಿತು. ನಿಮ್ಮ ಮನೆಯ ಅಥವಾ ನೆರೆಮನೆಯ ಅಜ್ಜ ಅಂಥವರಲ್ಲಿ ಒಬ್ಬರಾಗಿದ್ದರೆ ಮಗುವನ್ನು ಅವರ ಬಳಿ ಕೂರಿಸಿ. "ಅಜ್ಜಾರ, ನಿಮ್ಮ ಹಳೇ ಮನಿ ಹೆಂಗಿತ್ರೀ?" ಎಂದು ಮಗುವೇ ಕೇಳಲಿ. ದೇಶಕ್ಕಾಗಿ ತ್ಯಾಗ ಮಾಡಿದವರು ಚಿತ್ರಪಟದಲ್ಲಿ ಮಾತ್ರ ಇಲ್ಲ, ಪಕ್ಕದ ಕಟ್ಟೆಯ ಮೇಲೂ ಕುಳಿತಿದ್ದಾರೆ ಎಂದು ಮಗುವಿಗೆ ಗೊತ್ತಾಗುತ್ತದೆ. ಅವರಿಗೆ ನಾವು ಋಣಿಗಳು ಎಂಬುದೂ ಗೊತ್ತಾಗುತ್ತದೆ.

ಪಾಠ 5: ಐಹೊಳೆಗೆ ಒಂದು ದಿನ (ನವೆಂಬರ್ 1)

1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಪ್ರದೇಶಗಳು ಕೂಡಿ ಒಂದು ರಾಜ್ಯವಾಯಿತು. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಸಕಲ ಸಂತರ ಹಬ್ಬದ ಪೂಜೆ ಮುಗಿಸಿಕೊಂಡು, ಅಂದೋ ಅದರ ಮುಂದಿನ ರಜೆಯ ದಿನವೋ ಐಹೊಳೆಗೆ ಹೋಗಿಬನ್ನಿ. ಬಾದಾಮಿಯಿಂದ ಸುಮಾರು 35 ಕಿಲೋಮೀಟರು. ದಾರಿಯಲ್ಲಿ ಪಟ್ಟದಕಲ್ಲು ಸಿಗುತ್ತದೆ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಬಿಸಿಲೇರುವ ಮೊದಲು ತಲುಪಿರಿ. ರೊಟ್ಟಿ ಬುತ್ತಿ, ಕುಡಿಯುವ ನೀರು, ಟೋಪಿ ಇರಲಿ.

ಮಲಪ್ರಭೆಯ ದಂಡೆಯ ಈ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಹಳೆಯ ಗುಡಿಗಳಿವೆ. ಎಲ್ಲವನ್ನೂ ತೋರಿಸಲು ಹೋದರೆ ಮಗು ಸುಸ್ತಾಗುತ್ತದೆ. ಮೂರು ಸಾಕು.

*ದುರ್ಗದ ಗುಡಿ.* ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ. ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಹತ್ತಿರದಲ್ಲಿದ್ದ ಕೋಟೆಯಿಂದ. ದುರ್ಗ ಎಂದರೆ ಕೋಟೆ. ಸುತ್ತಲಿನ ಮೊಗಸಾಲೆಯ ಕಂಬಗಳನ್ನು ಮಗು ಎಣಿಸುತ್ತಾ ನಡೆಯಲಿ.

*ಲಾಡಖಾನ ಗುಡಿ.* ಮರದ ಮನೆಯ ಮಾಡಿನಂತೆ ಕಲ್ಲುಚಪ್ಪಡಿಗಳನ್ನು ಹೊದಿಸಿ, ಸಂದಿಗಳ ಮೇಲೆ ತೊಲೆಯಂಥ ಉದ್ದ ಕಲ್ಲುಗಳನ್ನು ಕೂರಿಸಿದ್ದಾರೆ. ಹಿಂದೊಮ್ಮೆ ಇಲ್ಲಿ ವಾಸವಿದ್ದ ಲಾಡಖಾನ ಎಂಬವರ ಹೆಸರು ಗುಡಿಗೇ ಉಳಿದಿದೆ. ಹಿಂದೂ ಗುಡಿಗೆ ಮುಸಲ್ಮಾನರ ಹೆಸರು ಎಂದರೆ ಮಗು ಆಶ್ಚರ್ಯಪಡುತ್ತದೆ. ಊರಿನವರು ಮಾತ್ರ ಅದನ್ನು ಸಹಜವಾಗಿಯೇ ಕರೆಯುತ್ತಾ ಬಂದಿದ್ದಾರೆ.

*ಮೇಗುತಿ.* ಗುಡ್ಡದ ಮೇಲಿನ ಜೈನ ಬಸದಿ ಇದು. ಮೆಟ್ಟಿಲುಗಳಿವೆ, ಚಿಕ್ಕ ಮಕ್ಕಳನ್ನು ಕೈಬಿಡಬೇಡಿ. ಹತ್ತುವ ದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಮೇಲೆ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ಎಂಬ ಕವಿ ಕ್ರಿ.ಶ. 634ರಲ್ಲಿ ಬರೆಸಿದ ಶಾಸನವಿದೆ. ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ ಉತ್ತರದ ಹರ್ಷನನ್ನು ಸೋಲಿಸಿದ್ದನ್ನು ಅದು ಹೇಳುತ್ತದೆ. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. "ನೀನು ಸ್ಲೇಟಿನ ಮೇಲೆ ತಿದ್ದುವ ಅಕ್ಷರಗಳ ಮುತ್ತಜ್ಜಿಯರು ಇವರು" ಎಂದು ತೋರಿಸಿ.

ಒಂದೇ ಹಳ್ಳಿಯಲ್ಲಿ ಶಿವಾಲಯ, ಬಸದಿ, ಬೌದ್ಧರ ಗುಡಿ, ಮುಸಲ್ಮಾನನ ಹೆಸರು. ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ, ಸಮುದ್ರದಾಚೆಗೂ ವ್ಯಾಪಾರ ಮಾಡಿತ್ತು. ಇಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಪ್ರಶ್ನೆಗೆ ಈ ಕಲ್ಲುಗಳು ಮಗುವಿಗೆ ಸಮಾಧಾನವಾಗಿ ಉತ್ತರ ಹೇಳುತ್ತವೆ. ಗುಡಿಗಳೊಳಗೆ ಹೇಗೆ ನಡೆದುಕೊಳ್ಳಬೇಕೆಂದು ಮೊದಲೇ ತಿಳಿಸಿ. ಇನ್ನೊಬ್ಬರು ಪವಿತ್ರವೆಂದು ಕಾಣುವ ಜಾಗದಲ್ಲಿ ಮೆತ್ತಗೆ ಮಾತಾಡುವುದು ನಮ್ಮ ವಿಶ್ವಾಸಕ್ಕೆ ಕುಂದಲ್ಲ. ಕಲ್ಲಿನ ಮೇಲೆ ಹತ್ತುವುದು, ಹೆಸರು ಗೀಚುವುದು ಕೂಡದು, ಅದು ಕಾನೂನಿನಂತೆ ಅಪರಾಧ.

ಮನೆಗೆ ಬಂದ ಮೇಲೆ ಮಗುವಿನದೇ ಶಾಸನ ಮಾಡಿ. ಕೆರೆಯ ಜೇಡಿಮಣ್ಣನ್ನು ನಾದಿ ಅಂಗೈಯಗಲದ ಹಲಗೆ ತಟ್ಟಿ. ಕಡ್ಡಿಯಿಂದ ಮಗು ತನ್ನ ಹೆಸರು, ಊರು, ತಾರೀಖು ಕೊರೆಯಲಿ. ನೆರಳಲ್ಲಿ ಎರಡು ದಿನ ಒಣಗಿಸಿ ಕಿಟಕಿಯಲ್ಲಿಡಿ. ಮನೆಯಲ್ಲಿ ಕೊಂಕಣಿ, ತೆಲುಗು, ತಮಿಳು, ಮಲಯಾಳ ಆಡುವ ನಮ್ಮ ಎಷ್ಟೋ ಕುಟುಂಬಗಳಿವೆ. ಅಂಥ ಮನೆಯ ಮಗು ಒಂದು ಬದಿಗೆ ಮನೆಯ ಮಾತಿನಲ್ಲಿ ಒಂದು ಪದ, ಇನ್ನೊಂದು ಬದಿಗೆ ಕನ್ನಡದಲ್ಲಿ ಅದೇ ಪದ ಬರೆಯಲಿ. ನಾಡಿನ ಭಾಷೆ ಚೆನ್ನಾಗಿ ಕಲಿತ ಮಗುವಿಗೆ ಮನೆಯ ಭಾಷೆ ಮರೆಯಬೇಕಾಗಿಲ್ಲ.

ಪಾಠ 6: ನಮ್ಮ ಮನೆಯ ಸಂವಿಧಾನ (ಜನವರಿ 26)

ಸಂವಿಧಾನ ಎಂಬ ದೊಡ್ಡ ಪದ ಪುಟ್ಟ ಮಗುವಿಗೆ ಹೇಗೆ ತಿಳಿಯಬೇಕು? "ಎಲ್ಲರೂ ಕೂಡಿ ಒಪ್ಪಿಕೊಂಡು ಬರೆದ ನಿಯಮ" ಎಂದು ಹೇಳಿ. ನಮ್ಮ ಸಂವಿಧಾನವನ್ನು 1949ರ ನವೆಂಬರ್ 26ರಂದು ಅಂಗೀಕರಿಸಿ, 1950ರ ಜನವರಿ 26ರಿಂದ ಜಾರಿಗೆ ತಂದರು. ಅದರ ಮೂಲ ಪ್ರತಿ ಅಚ್ಚಾದದ್ದಲ್ಲ, ಕೈಬರಹದ್ದು. ಪುಟಗಳನ್ನು ನಂದಲಾಲ್ ಬೋಸ್ ಮತ್ತು ಅವರ ಸಂಗಡಿಗರು ಚಿತ್ರಗಳಿಂದ ಅಲಂಕರಿಸಿದರು. ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಯೇಸು ಸಭೆಯ ಗುರು ಜೆರೋಮ್ ಡಿಸೋಜ ಅವರೂ ಸದಸ್ಯರಾಗಿದ್ದರು. "ನಮ್ಮ ಊರು ಯಾವುದು?" ಎಂದು ಕೇಳಿಸಿಕೊಂಡ ಮಗುವಿಗೆ ಇದನ್ನು ಹೇಳಲೇಬೇಕು. ದೇಶದ ನಿಯಮ ಬರೆಯಲು ಕುಳಿತವರಲ್ಲಿ ನಮ್ಮ ಒಬ್ಬ ಗುರುಗಳೂ ಇದ್ದರು.

ಅಂದು ಮನೆಯವರೆಲ್ಲ ಚಾಪೆಯ ಮೇಲೆ ಕುಳಿತು ಐದು ನಿಯಮ ಬರೆಯಿರಿ. ಪ್ರತಿಯೊಬ್ಬರೂ ಒಂದು ನಿಯಮ ಹೇಳಲಿ, ಮೂರು ವರ್ಷದ ಮಗು ಕೂಡ. ಒಪ್ಪಿಗೆ ಇದ್ದರೆ ಡಬ್ಬಿಗೆ ಹುಣಸೆಬೀಜ, ಇಲ್ಲದಿದ್ದರೆ ಸಣ್ಣ ಕಲ್ಲು ಹಾಕಿ. ಹೆಚ್ಚು ಹುಣಸೆಬೀಜ ಬಿದ್ದ ನಿಯಮ ಹಾಳೆಗೆ ಏರಲಿ. ಅಂಚಿಗೆ ಮಕ್ಕಳು ಚಿತ್ರ ಬರೆಯಲಿ, ಕೆಳಗೆ ಎಲ್ಲರೂ ಸಹಿ ಹಾಕಿ ಗೋಡೆಗೆ ಅಂಟಿಸಿ. ಸಿಟ್ಟಿನಲ್ಲಿ ಯಾರೂ ಕೈ ಎತ್ತಬಾರದು ಎಂದು ಮಗು ನಿಯಮ ಸೂಚಿಸಿದರೆ ಅಪ್ಪನೂ ಅದಕ್ಕೆ ಸಹಿ ಹಾಕಬೇಕು, ಹಾಕಿದ ಮೇಲೆ ಪಾಲಿಸಬೇಕು. ಕಾಯಿದೆಯ ಮುಂದೆ ದೊಡ್ಡವರು ಚಿಕ್ಕವರು ಸಮಾನರು ಎಂಬುದನ್ನು ಮಗು ನಂಬುವುದು ಆಗಲೇ.

ಹಬ್ಬದ ನಂತರವೂ

ಪ್ರತಿ ಚಟುವಟಿಕೆಯ ಕೊನೆಗೆ ಯಾರಿಗಾದರೂ ಒಂದು ಸಣ್ಣ ಉಪಕಾರ ಇರಲಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ಸುತ್ತಲಿನ ಹಳ್ಳಿಗಳಿಗೂ ನೀರು ನುಗ್ಗಿತು. ಆ ವರ್ಷ ಹಲವರು ಸ್ವಾತಂತ್ರ್ಯ ದಿನವನ್ನು ಕಂಡದ್ದು ಮನೆಯಿಂದ ದೂರ, ಪರಿಹಾರ ಕೇಂದ್ರಗಳಲ್ಲಿ. ಅಂಥ ಹೊತ್ತಿನಲ್ಲಿ ಒಂದು ಚಾದರ, ಒಂದು ಸೇರು ಜೋಳ ಕೊಟ್ಟ ಕೈ ಯಾವ ಘೋಷಣೆ ಕೂಗದಿದ್ದರೂ ದೇಶಸೇವೆ ಮಾಡಿದ ಕೈಯೇ. ಮಗುವಿನ ಕೈಯಿಂದಲೇ ಕೊಡಿಸಿ. ಕೊಡಲು ಏನೂ ಇಲ್ಲದ ಮನೆಯ ಮಗು ಬೋರವೆಲ್ ಬಳಿ ಬೀಳುವ ನೀರು ನಿಲ್ಲಿಸಲಿ, ಶಾಲೆಯ ಗಿಡಕ್ಕೆ ನೀರು ಹಾಕಲಿ.

ಪ್ರಿಯ ತಂದೆತಾಯಂದಿರೇ, ನಿಮಗೆ ಇತಿಹಾಸ ಹೆಚ್ಚು ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಹೆಚ್ಚು ಓದದ ತಾಯಿಯೂ ಹತ್ತಿ ಹೊಸೆದು ತೋರಿಸಬಲ್ಲಳು, ಕಾಳು ಜೋಡಿಸಬಲ್ಲಳು, ಬಿದ್ದ ಧ್ವಜವನ್ನು ಬಾಗಿ ಎತ್ತಬಲ್ಲಳು. ಮಗು ನಿಮ್ಮ ಕೈಯನ್ನು ನೋಡಿ ಕಲಿಯುತ್ತದೆ. ಮುಂದಿನ ರಾಷ್ಟ್ರೀಯ ಹಬ್ಬಕ್ಕೆ ಈ ಆರರಲ್ಲಿ ಒಂದನ್ನಾದರೂ ಮಾಡಿನೋಡಿ.

ಕುಟುಂಬದಲ್ಲಿ ಚಿಂತಿಸಲು

1. ನಮ್ಮ ಮಗುವಿಗೆ ಓಣಿಯಲ್ಲಿ ಬೇರೆ ಧರ್ಮದ ಗೆಳೆಯರು ಇದ್ದಾರೆಯೇ? ಅವರು ನಮ್ಮ ಮನೆಗೆ ಬರುತ್ತಾರೆಯೇ?

2. ಮಕ್ಕಳ ಮುಂದೆ ನಾವು ಬೇರೆಯವರ ಬಗ್ಗೆ ಹೇಗೆ ಮಾತಾಡುತ್ತೇವೆ?

3. ಈ ಊರಿನಿಂದ ನಾವು ಪಡೆದದ್ದೇನು? ಊರಿಗೆ ಮರಳಿ ಕೊಟ್ಟದ್ದೇನು?